ವರದಿಯಲ್ಲಿ ‘ಮ್ಯೂಸಿನಸ್’ ಎಂದಿದೆ, ಮುಂದೇನು?

ಪ್ರಶ್ನೆ: ಖಾನಾಪುರದಲ್ಲಿರುವ ನಮ್ಮ ಅತ್ತೆಯವರಿಗೆ 68 ವರ್ಷ. ಆಪರೇಷನ್ ಮಾಡಿ ಸ್ತನದ ಗಂಟು ತೆಗೆದಿದ್ದಾರೆ. ವರದಿಯಲ್ಲಿ ‘ಮ್ಯೂಸಿನಸ್ ಕಾರ್ಸಿನೋಮ’ ಎಂದಿದೆ. ಅಪರೂಪದ್ದು, ಆದರೆ ಒಳ್ಳೆಯ ಜಾತಿಯದು ಅಂದರು ಡಾಕ್ಟರು. ಕ್ಯಾನ್ಸರಿನಲ್ಲೂ ಒಳ್ಳೆಯದು ಅಂತ ಇರುತ್ತದೆಯೇ? ಹತ್ತು ಹದಿನೈದು ವರ್ಷ ಮುಂದಿನ ಮಾತು ಹೇಳಬಹುದೇ?
– ಓದುಗರು, ಶಿವಬಸವ ನಗರ, ಬೆಳಗಾವಿ

ಉತ್ತರ: ಇರುತ್ತದೆ. ಡಾಕ್ಟರು ಬರೀ ಸಮಾಧಾನಕ್ಕೆ ಆಡಿದ ಮಾತಲ್ಲ ಅದು. ನೂರು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಎರಡು ಮಾತ್ರ ಈ ಬಗೆಯವು, ಹೆಚ್ಚಾಗಿ ವಯಸ್ಸಾದವರಲ್ಲೇ. ಇದರಲ್ಲಿ ಕ್ಯಾನ್ಸರ್ ಜೀವಕೋಶಗಳು ತಾವೇ ಸುರಿಸಿದ ಲೋಳೆಯಲ್ಲಿ, ನೀರಲ್ಲಿ ನೆನೆದ ಕಾಮಕಸ್ತೂರಿ ಬೀಜದ ಹಾಗೆ, ಗುಂಪುಗುಂಪಾಗಿ ತೇಲುತ್ತಿರುತ್ತವೆ. ಬೆಳವಣಿಗೆ ನಿಧಾನ. ಕಂಕುಳಿನ ಗ್ರಂಥಿಗಳಿಗೆ ಹಬ್ಬುವುದೂ ಕಡಿಮೆ.

ದೀರ್ಘಕಾಲದ ಲೆಕ್ಕವೂ ಇದೆ. ಅಮೆರಿಕದ ಕ್ಯಾನ್ಸರ್ ದಾಖಲೆಗಳಿಂದ 11,400ಕ್ಕೂ ಹೆಚ್ಚು ಇಂಥ ರೋಗಿಗಳ ವಿವರ ತೆಗೆದು ನೋಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಈ ಕ್ಯಾನ್ಸರಿಗೆ ಬಲಿಯಾಗದೆ ಹತ್ತು ವರ್ಷ ದಾಟಿದವರು ಶೇ. 89, ಇಪ್ಪತ್ತು ವರ್ಷ ದಾಟಿದವರು ಶೇ. 81. ಸಾಮಾನ್ಯವಾಗಿ ಕಾಣುವ ಡಕ್ಟಲ್ ಕ್ಯಾನ್ಸರಿನಲ್ಲಿ ಇದೇ ಲೆಕ್ಕ 72 ಮತ್ತು 62. ಆದರೆ ಇದು ಬೇರೆ ದೇಶದ, ಹಳೆಯ ಚಿಕಿತ್ಸೆಯ ಕಾಲದ ಲೆಕ್ಕ. ನಮ್ಮ ಕಡೆ ಗಂಟು ದೊಡ್ಡದಾಗುವ ತನಕ ಹೇಳಿಕೊಳ್ಳದ ಹೆಂಗಸರೇ ಹೆಚ್ಚು. ಹಾಗಾಗಿ ಈ ಅಂಕಿಯನ್ನು ಹಾಗೇ ತಂದು ಅತ್ತೆಯವರಿಗೆ ಅನ್ವಯಿಸಬೇಡಿ.

ಅವರ ವರದಿಯನ್ನೇ ಮತ್ತೊಮ್ಮೆ ಬಿಡಿಸಿ ನೋಡಿ. ‘ಪ್ಯೂರ್’ ಎಂದಿದೆಯೋ ‘ಮಿಕ್ಸೆಡ್’ ಎಂದಿದೆಯೋ? ಗಂಟಿನ ಶೇ. 90ಕ್ಕಿಂತ ಹೆಚ್ಚು ಭಾಗ ಲೋಳೆಯ ಬಗೆಯದಾಗಿದ್ದರೆ ಮಾತ್ರ ಅದು ಶುದ್ಧ. ಮೇಲಿನ ಅಂಕಿಗಳೂ ಅಂಥವರವೇ. ಬೆರಕೆಯಾಗಿದ್ದರೆ ಇಷ್ಟು ಭರವಸೆ ಕೊಡಲಾಗದು. ಆಮೇಲೆ ಕಂಕುಳಿನ ಗ್ರಂಥಿಗಳ ಸಾಲು ನೋಡಿ. ಮುಂದಿನ ದಾರಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೇಳುವುದು ಅದೇ. ಗಂಟಿನ ಅಳತೆ ಕಂಡು ಗಾಬರಿಯಾಗುವವರು ಬಹಳ; ಇಲ್ಲಿ ಆ ಅಳತೆಯಲ್ಲಿ ಲೋಳೆಯ ಪಾಲೂ ದೊಡ್ಡದು.

ನನಗೆ ಹೆದರಿಕೆ ಇರುವುದು ಬೇರೆ ಕಡೆ. ಈ ಕ್ಯಾನ್ಸರ್ ಬಹುಪಾಲು ಹಾರ್ಮೋನಿಗೆ ಸ್ಪಂದಿಸುವಂಥದು. ಹಾಗಿದ್ದರೆ ಲೆಟ್ರೊಜೋಲ್‌ನಂಥ ಗುಳಿಗೆಯನ್ನು ಸಾಮಾನ್ಯವಾಗಿ ಐದು ವರ್ಷ ದಿನಾ ನುಂಗಬೇಕು. ‘ಆರಾಮ ಅದೀನಿ, ಇನ್ನ ಗುಳಿಗಿ ಯಾಕ?’ ಎಂದು ಎರಡನೇ ವರ್ಷಕ್ಕೇ ಬಿಡುವವರಿದ್ದಾರೆ. ನಿಧಾನ ಬೆಳೆಯುವ ಕ್ಯಾನ್ಸರ್ ಮರಳುವುದೂ ನಿಧಾನವಾಗಿಯೇ; ಹತ್ತು ವರ್ಷ ಕಳೆದ ಮೇಲೆ ಮರುಕಳಿಸಿದ್ದೂ ಉಂಟು. ವರ್ಷಕ್ಕೊಂದು ಮ್ಯಾಮೊಗ್ರಾಮ್ ತಪ್ಪಿಸಬಾರದು. ಅದಕ್ಕೆ ಬೆಂಗಳೂರಿಗೋ ಮುಂಬೈಗೋ ಓಡಬೇಕಿಲ್ಲ. 2025ರ ಜನವರಿಯಲ್ಲಿ ಉದ್ಘಾಟನೆಯಾದ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆ ಬೆಳಗಾವಿಯಲ್ಲೇ ಇದೆ.

ಲೆಟ್ರೊಜೋಲ್ ಎಲುಬನ್ನು ಸವೆಸುತ್ತದೆ. ಅತ್ತೆಯವರ ವಯಸ್ಸಿಗೆ ಎಲುಬಿನ ಸಾಂದ್ರತೆಯ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಮುಂದಿನ ಭೇಟಿಯಲ್ಲೇ ಡಾಕ್ಟರನ್ನು ಕೇಳಿ.