ಹೆಸರು ಹೇಳಿ ನಿಲ್ಲಿ



ಯುದ್ಧ ಬೇಡ ಎಂದು ಕೂಗಲು ಬೀದಿಗಿಳಿಯುತ್ತೇವೆ ಎನ್ನುತ್ತೀರಿ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಶಿರಹಟ್ಟಿಯಿಂದ ಧಾರವಾಡಕ್ಕೋ ಬೆಂಗಳೂರಿಗೋ ಓದಲು ಹೋದ ಮಕ್ಕಳು ಗಾಜಾದ ಸುದ್ದಿ ನೋಡಿ ನಿದ್ದೆಗೆಟ್ಟರೆ ನನಗೆ ಸಂತೋಷವೇ. ‘ಎಲ್ಲಿಯದೋ ಜಗಳ, ನಿಮಗ್ಯಾಕ ಬೇಕು?’ ಎಂದು ಕಟ್ಟೆಯ ಮೇಲೆ ಕೂತವರು ಕೇಳಿದರೆ ಅವರಿಗೆ ಚಳಗೇರಿಯನ್ನು ನೆನಪಿಸಿ. ರಾಣೆಬೆನ್ನೂರು ತಾಲ್ಲೂಕಿನ ಆ ಊರಿನಿಂದ ಡಾಕ್ಟರಕಿ ಓದಲು ಉಕ್ರೇನಿಗೆ ಹೋಗಿದ್ದ ಹುಡುಗ 2022ರ ಮಾರ್ಚ್ 1ರಂದು ಖಾರ್ಕಿವ್ ಪಟ್ಟಣದಲ್ಲಿ ದಿನಸಿ ತರಲು ಹೊರಗೆ ಬಂದವನು ದಾಳಿಗೆ ಸಿಕ್ಕಿ ಸತ್ತ. ಅವನಿಗೆ ಯಾವ ದೇಶದ ಮೇಲೂ ಹಗೆ ಇರಲಿಲ್ಲ. ಯುದ್ಧದ ದಾರಿ ನಮ್ಮ ಪಕ್ಕದ ಸೀಮೆಯವರೆಗೂ ಬಂದು ಮುಟ್ಟಿದೆ.

ಯುದ್ಧ ಬೇಡ ಎನ್ನುವ ಮಾತು ನಮಗೆ ಪರದೇಶದಿಂದ ಬಂದದ್ದೂ ಅಲ್ಲ. ನಮ್ಮ ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. ಅಲ್ಲಿಯ ಕನ್ನಡದಲ್ಲಿ ಬರೆದೆನೆಂದು ಪಂಪ ಹೆಮ್ಮೆಪಟ್ಟ. ಅವನ ಆದಿಪುರಾಣದಲ್ಲಿ ಭರತ ಬಾಹುಬಲಿಯರ ಸೈನ್ಯಗಳು ಎದುರುಬದುರು ನಿಂತಾಗ ಮಂತ್ರಿಗಳು ನಡುವೆ ಬಂದು, ಅಣ್ಣತಮ್ಮಂದಿರ ಹಟಕ್ಕೆ ಆಳುಗಳು ಯಾಕೆ ಸಾಯಬೇಕು, ನೀವಿಬ್ಬರೇ ಸೆಣಸಿ ಎನ್ನುತ್ತಾರೆ. ಗೆದ್ದ ಬಾಹುಬಲಿ ರಾಜ್ಯವನ್ನೇ ಬಿಟ್ಟು ನಡೆಯುತ್ತಾನೆ. ನಮ್ಮ ಸಂವಿಧಾನದ 51ನೇ ವಿಧಿಯೂ ಅಂತರರಾಷ್ಟ್ರೀಯ ಶಾಂತಿಗಾಗಿ ಸರ್ಕಾರ ದುಡಿಯಬೇಕು ಎನ್ನುತ್ತದೆ. ಆದ್ದರಿಂದ ಕಳ್ಳರ ಹಾಗೆ ಹೋಗಬೇಕಾದ ಕೆಲಸ ಇದಲ್ಲ. ಹೇಳಿ ಹೋಗಿ, ಬಯಲಲ್ಲಿ ನಿಲ್ಲಿ, ಕೇಳಿದವರಿಗೆ ನಿಮ್ಮ ಹೆಸರು ಹೇಳಿ. ಉಳಿದದ್ದೆಲ್ಲ ಈ ಮಾತಿನ ವಿವರ.

ಹೇಗೆ ನಿಲ್ಲಬೇಕೆಂದು ತಿಳಿಯಲು 1940ಕ್ಕೆ ಹೋಗಿ. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಗದಗು ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ. ಹೀಗೆ ಹಂಚಿಹೋಗಿದ್ದ ನಮ್ಮನ್ನು ಕೇಳದೆಯೇ ಬ್ರಿಟಿಷರು ಹಿಂದೂಸ್ಥಾನವನ್ನು ಎರಡನೆಯ ಮಹಾಯುದ್ಧಕ್ಕೆ ಎಳೆದಿದ್ದರು. ಗಾಂಧೀಜಿ ಗುಂಪು ಕಟ್ಟಲಿಲ್ಲ. ಒಬ್ಬೊಬ್ಬರನ್ನೇ ಆರಿಸಿ ಕಳಿಸಿದರು. ಮೊದಲನೆಯವರು ವಿನೋಬಾ ಭಾವೆ, ಅಕ್ಟೋಬರ್ 17ರಂದು, ವಾರ್ಧಾ ಹತ್ತಿರದ ಪೌನಾರಿನಲ್ಲಿ. ಈ ಯುದ್ಧಕ್ಕೆ ಆಳನ್ನಾಗಲಿ ಹಣವನ್ನಾಗಲಿ ಕೊಡುವುದು ತಪ್ಪು ಎಂದು ಸಾರುವುದಷ್ಟೇ ಸತ್ಯಾಗ್ರಹಿಯ ಕೆಲಸ. ಎಲ್ಲಿ, ಯಾವಾಗ ಮಾತಾಡುತ್ತೇನೆಂದು ಅವನು ಜಿಲ್ಲೆಯ ಅಧಿಕಾರಿಗೆ ಮೊದಲೇ ತಿಳಿಸುತ್ತಿದ್ದ. ಪೊಲೀಸರು ಹಿಡಿದರೆ ಎದುರಾಡದೆ ಅವರೊಡನೆ ಹೋಗುತ್ತಿದ್ದ. ಹಿಡಿಯದಿದ್ದರೆ ಮುಂದಿನ ಊರಿಗೆ ನಡೆದು ಅದನ್ನೇ ಹೇಳುತ್ತಿದ್ದ. ದೇಶದಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಹಾಗೆ ಜೈಲು ಸೇರಿದರು. ಗುಟ್ಟಿಲ್ಲದವನನ್ನು ಹೆದರಿಸುವುದು ಕಷ್ಟ. ಅವನ ಬಾಯಿ ಬಿಡಿಸಿ ಹೊರತೆಗೆಯಲು ಏನೂ ಉಳಿದಿರುವುದಿಲ್ಲ.

ಗುಂಪು ಕೈತಪ್ಪಿದರೆ ಏನಾಗುತ್ತದೆ ಎಂಬುದನ್ನೂ ನಮ್ಮ ಜಿಲ್ಲೆಯೇ ಕಂಡಿದೆ. 1980ರ ಜುಲೈ 21. ಮಲಪ್ರಭಾ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಬೆಟರ್‌ಮೆಂಟ್ ಲೆವಿ ಕಟ್ಟಿ ಎಂದದ್ದಕ್ಕೆ ನರಗುಂದ, ನವಲಗುಂದದ ರೈತರು ಎದ್ದರು. ಅವರ ದೂರು ನ್ಯಾಯದ್ದೇ. ಆ ಒಂದು ದಿನದಲ್ಲಿ ಗೋಲಿಬಾರಾಯಿತು, ರೈತರು ಸತ್ತರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಆ ಬಂಡಾಯದಿಂದ ರೈತ ಸಂಘ ಹುಟ್ಟಿತು, ಜುಲೈ 21 ಹುತಾತ್ಮರ ದಿನವಾಯಿತು. ಆದರೆ ಎರಡೂ ಕಡೆಯ ಮನೆಗಳಲ್ಲಿ ಉಳಿದ ವಿಧವೆಯರಿಗೆ ಯಾವ ಸಂಘವೂ ಗಂಡನನ್ನು ತಂದುಕೊಡಲಿಲ್ಲ. ಕೊಲೆ ನಿಲ್ಲಿಸಿ ಎಂದು ಹೊರಟವರು ಮೊದಲ ಕಲ್ಲು ಎತ್ತಿದ ಕೂಡಲೇ ತಮ್ಮ ಮಾತನ್ನು ತಾವೇ ಸುಳ್ಳು ಮಾಡುತ್ತಾರೆ. ನಿಮ್ಮ ಸಾಲಿನಲ್ಲಿ ಯಾರಾದರೂ ಕಲ್ಲಿಗೆ ಬಗ್ಗಿದರೆ ಕೈಹಿಡಿದು ನಿಲ್ಲಿಸಿ. ಕೇಳದಿದ್ದರೆ ನೀವು ಅಲ್ಲಿಂದ ಹೊರಗೆ ಬನ್ನಿ. ಅವನು ನಿಮ್ಮ ಜೊತೆಯವನೋ, ಬೇರೆಯವರು ಬಿಟ್ಟವನೋ ಎಂದು ವಿಚಾರಿಸುತ್ತ ಕೂರಲು ಆಗ ಹೊತ್ತಿರುವುದಿಲ್ಲ.

ಪೊಲೀಸರೆಲ್ಲ ಒಳ್ಳೆಯವರು ಎಂದು ನಾನು ಹೇಳಿದರೆ ನೀವು ನಗುತ್ತೀರಿ. 2016ರ ಜುಲೈ ಕೊನೆಗೆ, ಮಹದಾಯಿ ನದಿನೀರಿನ ತೀರ್ಪಿನ ಸಿಟ್ಟಿನ ಬೆನ್ನಿಗೆ, ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರನ್ನೂ ಮುದುಕರನ್ನೂ ಹೊಡೆದದ್ದನ್ನು ರಾಜ್ಯವೇ ಟಿವಿಯಲ್ಲಿ ನೋಡಿತು. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆಯ ವಿರುದ್ಧ ಪ್ರತಿಭಟನೆ ನಡೆದಾಗ ಮಂಗಳೂರಿನಲ್ಲಿ ಗುಂಡು ಹಾರಿ ಇಬ್ಬರು ಸತ್ತರು. ಅದೇ ದಿನ ಬೆಂಗಳೂರಿನ ಟೌನ್‌ಹಾಲ್ ಮುಂದೆ ಡಿಸಿಪಿ ಚೇತನ್ ಸಿಂಗ್ ರಾಥೋರ್ ನೆರೆದವರೊಂದಿಗೆ ಮಾತಾಡಿ ರಾಷ್ಟ್ರಗೀತೆ ಹಾಡಿದರು. ಜನ ಎದ್ದುನಿಂತು ದನಿಗೂಡಿಸಿ ಚದುರಿದರು. ಒಂದೇ ರಾಜ್ಯದ ಪೊಲೀಸರು, ಒಂದೇ ದಿನ. ಎದುರಿಗೆ ಯಾವ ಬಗೆಯ ಅಧಿಕಾರಿ ಬರುತ್ತಾನೆಂದು ನೀವು ಮೊದಲೇ ತಿಳಿಯಲಾರಿರಿ. ನಿಮ್ಮ ನಡತೆ ಮಾತ್ರ ಎರಡೂ ಬಗೆಯವನ ಮುಂದೆ ಒಂದೇ ಇರಲಿ.

ಇನ್ನು ಕೆಲಸದ ಮಾತು. ಹೋಗುವ ಮೊದಲು ಕರೆದವರು ಯಾರೆಂದು ವಿಚಾರಿಸಿ. ಹೆಸರಿಲ್ಲದ ವಾಟ್ಸ್‌ಆ್ಯಪ್ ಕರೆಗೆ ಓಗೊಡಬೇಡಿ. ಪೊಲೀಸರ ಅನುಮತಿ ಕೇಳಿದ್ದಾರೋ, ಸಿಕ್ಕಿದೆಯೋ ತಿಳಿದುಕೊಳ್ಳಿ. ಬೆಂಗಳೂರಿನಲ್ಲಿ 2021ರ ಆದೇಶದ ನಂತರ ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲಿ ಕೂಡಿದರೂ ಎಫ್‌ಐಆರ್ ಬೀಳಬಹುದು. ಪ್ಯಾಲೆಸ್ಟೀನ್ ಪರವಾಗಿ ರಸ್ತೆಯಲ್ಲಿ ನಿಂತವರ ಮೇಲೆ 2023ರಲ್ಲಿ ಬಿದ್ದಿದೆ. ನಮ್ಮ ಕಡೆ ಅಷ್ಟು ಕಟ್ಟು ಇಲ್ಲದಿದ್ದರೂ ನಿಷೇಧಾಜ್ಞೆ ಜಾರಿಯಲ್ಲಿದೆಯೇ ಎಂದು ನೋಡಿ. ಹಿಂದೆ 144 ಎನ್ನುತ್ತಿದ್ದದ್ದು ಈಗಿನ ಬಿಎನ್‌ಎಸ್‌ಎಸ್ ಕಾಯ್ದೆಯಲ್ಲಿ 163ನೇ ಕಲಮು. ಅಂಥ ಆಜ್ಞೆಗಳೂ ತಪ್ಪಾಗಿರಬಹುದು. 2019ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೇರಿದ್ದನ್ನು ಹೈಕೋರ್ಟು 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದಿತು. ತೀರ್ಪು ಬಂದದ್ದು ಎರಡು ತಿಂಗಳ ಮೇಲೆ. ಆವತ್ತು ಠಾಣೆಗೆ ಹೋದವರು ಆವತ್ತೇ ಹೋಗಿದ್ದರು. ಹಾಗಾಗಿ ಆಜ್ಞೆ ಮೀರುವುದಾದರೆ, ಮೀರುತ್ತಿದ್ದೇನೆ ಎಂಬ ಅರಿವಿನಿಂದಲೇ ಮೀರಿ.

ಉಂಡು ಹೋಗಿ. ನೀರಿನ ಬಾಟಲಿ, ನಿತ್ಯದ ಗುಳಿಗೆ, ಗುರುತಿನ ಚೀಟಿ ಜೊತೆಗಿರಲಿ. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ. ನೂಕಾಟದಲ್ಲಿ ಚಪ್ಪಲಿ ಕಳಚಿ ಬಿದ್ದವರೇ ತುಳಿತಕ್ಕೆ ಸಿಗುವುದು. ಮನೆಯವರ ಮತ್ತು ಒಬ್ಬ ವಕೀಲರ ನಂಬರನ್ನು ಪೆನ್ನಿನಿಂದ ತೋಳಿನ ಮೇಲೆ ಬರೆದುಕೊಳ್ಳಿ, ಫೋನು ಕೈತಪ್ಪಿದರೆ ಬೇಕಾಗುತ್ತದೆ. ಒಬ್ಬೊಬ್ಬರೇ ಹೋಗಬೇಡಿ. ಹೊರಗುಳಿದ ಒಬ್ಬ ಗೆಳೆಯನಿಗೆ ಎಲ್ಲರ ಹೆಸರಿನ ಪಟ್ಟಿ ಕೊಟ್ಟಿರಿ.

ಪೊಲೀಸರು ಚದುರಿ ಎಂದಾಗ ಓಡಬೇಡಿ. ಓಟ ಕಂಡರೆ ಲಾಠಿಗೂ ಓಡುವ ಆಸೆ ಬರುತ್ತದೆ. ಕೈ ಕಾಣುವಂತೆ ಇಟ್ಟುಕೊಂಡು ನಡೆಯಿರಿ ಅಥವಾ ಕೂತುಬಿಡಿ. ಮೈಮುಟ್ಟಿದರೂ ತಿರುಗಿ ತಳ್ಳಬೇಡಿ. ಸರಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ ಎಂಬ ಕೇಸು ಆ ಒಂದು ತಳ್ಳಾಟದಿಂದಲೇ ಹುಟ್ಟುತ್ತದೆ. ಪೇದೆಗೆ ಏಕವಚನ ಹಚ್ಚಬೇಡಿ. ಅವರೂ ರೋಣದ್ದೋ ಮುಂಡರಗಿಯದ್ದೋ ರೈತರ ಮಕ್ಕಳಿರಬಹುದು, ಬೆಳಗಿನಿಂದ ಬಿಸಿಲಲ್ಲಿ ನಿಂತಿರಬಹುದು. ‘ಸಾಹೇಬ್ರ, ನಮ್ಮನ್ನ ಹಿಡದೀರೇನು? ಯಾವ ಠಾಣೆಗೆ ಒಯ್ತೀರಿ?’ ಎಂದು ಮೆಲ್ಲಗೆ ಕೇಳಿ. ಆ ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡುವ ಹೊಣೆ ಅವರ ಮೇಲೆ ಬೀಳುತ್ತದೆ.

ಹೆಚ್ಚಾಗಿ ಬಸ್ಸಿಗೆ ಹತ್ತಿಸಿ ಸಂಜೆ ಬಿಡುತ್ತಾರೆ. ಬಂಧಿಸಿದರೆ ಕಾರಣ ಹೇಳಬೇಕು, ನಿಮ್ಮವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸಂವಿಧಾನದ 22ನೇ ವಿಧಿಯಲ್ಲಿ ಇದರ ಬೇರಿದೆ, ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಬಂಧನದ ರೀತಿಯನ್ನು ಒಂದೊಂದಾಗಿ ಬರೆದಿಟ್ಟಿದೆ. ತಂಗಿಯರೇ, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು, ವಿಶೇಷ ಕಾರಣವಿಲ್ಲದೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ವಿಶೇಷ ಕಾರಣ ಇದ್ದರೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಒಪ್ಪಿಗೆ ಪಡೆದು ಮಾಡಬೇಕು. ಮೈ ತಪಾಸಣೆ ಹೆಂಗಸೇ ಮಾಡಬೇಕು. ಠಾಣೆಯಲ್ಲಿ ನಿಮ್ಮ ಹೆಸರು, ಅಪ್ಪನ ಹೆಸರು, ಊರು ಸುಳ್ಳಿಲ್ಲದೆ ಹೇಳಿ. ಉಳಿದ ಪ್ರಶ್ನೆಗೆ ವಕೀಲರು ಬಂದ ಮೇಲೆ ಹೇಳುತ್ತೇನೆ ಎನ್ನಿ. ಓದದ ಕಾಗದಕ್ಕೂ ಖಾಲಿ ಹಾಳೆಗೂ ಸಹಿ ಹಾಕಬೇಡಿ. ಪೆಟ್ಟು ತಿಂದಿದ್ದರೆ ಡಾಕ್ಟರಿಗೆ ತೋರಿಸಿ ಬರೆಸಿ. ಮ್ಯಾಜಿಸ್ಟ್ರೇಟರು ಕೇಳಿದಾಗ ನಾಚದೆ ಹೇಳಿ. ಆಗ ಹೇಳದ್ದನ್ನು ಆಮೇಲೆ ನಂಬಿಸುವುದು ಕಷ್ಟ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಸಮಿತಿ ತಾಲ್ಲೂಕು ಕೋರ್ಟಿನಲ್ಲೇ ಇದೆ, ಸಹಾಯವಾಣಿ 15100. ಬಂಧನದಲ್ಲಿರುವವರಿಗೂ ಹೆಣ್ಣುಮಕ್ಕಳಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಕೇಸು ಬಿದ್ದರೆ ವರ್ಷಗಟ್ಟಲೆ ಎಳೆಯುತ್ತದೆ, ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಲಾರೆ. ಪಿಎಸ್‌ಐ ಪರೀಕ್ಷೆಗೋ ಕೆಎಎಸ್‌ಗೋ ಓದುತ್ತಿರುವವರು, ಪಾಸ್‌ಪೋರ್ಟ್ ಬೇಕಾದವರು ಇದನ್ನು ಯೋಚಿಸಿಯೇ ಹೆಜ್ಜೆ ಇಡಿ. ಕೇಸಿದ್ದರೆ ಅರ್ಜಿಯಲ್ಲಿ ಬರೆಯಿರಿ. ಪೊಲೀಸ್ ವೆರಿಫಿಕೇಷನ್ನಿನಲ್ಲಿ ಹೇಗೂ ಹೊರಬೀಳುವ ಸಂಗತಿ ಅದು. ಮುಚ್ಚಿಟ್ಟದ್ದೇ ಕೇಸಿಗಿಂತ ದೊಡ್ಡ ತಪ್ಪಾಗಿ ಕೆಲಸ ಕಳೆಯಬಹುದು. ಬೀದಿಗೆ ಬರಲಾಗದವರು ಹೇಡಿಗಳಲ್ಲ. ಬಂದವರ ಜಾಮೀನಿಗೆ ಓಡಾಡುವವರೂ ಬೇಕು.

ಕೂಗುವ ಘೋಷಣೆ ಒಮ್ಮೆ ತೂಗಿ ನೋಡಿ. ನಮ್ಮ ಓಣಿಗಳಲ್ಲಿ ಮಿಲಿಟರಿಗೆ ಮಗನನ್ನು ಕಳಿಸಿದ ಮನೆಗಳಿವೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹುದುಗಿದ್ದು, ಜೀವಂತ ಸಿಕ್ಕಿಯೂ ಉಳಿಯದೆ ಹೋದಾಗ ಈ ಸೀಮೆಯೆಲ್ಲ ಅತ್ತಿತ್ತು. ಯುದ್ಧ ಬೇಡ ಎನ್ನುವವರಿಗೆ ಸಿಪಾಯಿಯ ಜೀವವೂ ಬೇಕು. ಸಿಪಾಯಿಯನ್ನು ಬೈದು ಶಾಂತಿ ಕೇಳಬೇಡಿ. ಒಂದು ಧರ್ಮದವರನ್ನು ಬೈದಂತೂ ಕೇಳಲೇಬೇಡಿ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರನ ಊರಿನವರು ನೀವು. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಕಪ್ಪು ಬಟ್ಟೆ ತೊಟ್ಟು ರಸ್ತೆ ಬದಿಗೆ ಮೌನವಾಗಿ ನಿಂತು ಹಿಂಸೆಯನ್ನೂ ಯುದ್ಧವನ್ನೂ ವಿರೋಧಿಸಿದವರು. ಕೂಗದೆಯೂ ಹೇಳಬಹುದು.

ಇದರಿಂದ ಯುದ್ಧ ನಿಲ್ಲುತ್ತದೆಯೇ? 2003ರ ಫೆಬ್ರುವರಿ 15ರಂದು ಜಗತ್ತಿನ ನೂರಾರು ಪಟ್ಟಣಗಳಲ್ಲಿ ಲಕ್ಷಗಟ್ಟಲೆ ಜನ ಇರಾಕ್ ಯುದ್ಧ ಬೇಡ ಎಂದರು. ಮಾರ್ಚ್ 20ಕ್ಕೆ ಯುದ್ಧ ಶುರುವಾಗಿಯೇ ಬಿಟ್ಟಿತು. ಇದು ಗೊತ್ತಿದ್ದೇ ಹೋಗಿ, ಆಗ ಒಂದು ದಿನಕ್ಕೆ ಮನಸ್ಸು ಮುರಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹಟ ಬಿಡದೆ ಕೂತವರು ಗೆದ್ದದ್ದೂ ಉಂಟು. 2011ರಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತಾಗ ಪೋಸ್ಕೊ ಉಕ್ಕಿನ ಕಾರ್ಖಾನೆ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಹೊಲಗಳನ್ನು ಬಿಟ್ಟುಹೋಯಿತು. 2017ರ ಫೆಬ್ರುವರಿಯಲ್ಲಿ ಕಪ್ಪತಗುಡ್ಡಕ್ಕಾಗಿ ಗದಗಿನಲ್ಲಿ ಧರಣಿ ಕೂತರು. ಸರಕಾರ ಕಿತ್ತುಕೊಂಡಿದ್ದ ಸಂರಕ್ಷಿತ ಪ್ರದೇಶದ ಪಟ್ಟವನ್ನು ಏಪ್ರಿಲ್‌ನಲ್ಲಿ ಮರಳಿ ಕೊಟ್ಟಿತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಮಠದ ಸ್ವಾಮಿಗಳಿಂದ ಕೂಲಿಯವರವರೆಗೆ ಊರಿನ ಜನ ಆ ಧರಣಿಗೆ ಬಂದು ಕೂತರು. ಹಾಗೆ ಜನರನ್ನು ಕರೆತರಬೇಕಾದರೆ ಮೊದಲು ಮನೆಮನೆಗೆ ಹೋಗಿ ಮಾತಾಡಬೇಕು.

ನಿಮ್ಮ ಮಾತೂ ಮನೆಯಿಂದಲೇ ಶುರುವಾಗಲಿ. ಅವ್ವ ಅಪ್ಪನಿಗೆ ಸುಳ್ಳು ಹೇಳಿ ಪ್ರತಿಭಟನೆಗೆ ಹೋಗಬೇಡಿ. ಬೇಡ ಎಂದರೆ ಅವರ ಎದುರು ಕೂತು ಯಾಕೆ ಹೋಗಬೇಕೆಂದು ತಿಳಿಸಿ ಹೇಳಿ, ಅವರ ಹೆದರಿಕೆಯನ್ನೂ ಪೂರಾ ಕೇಳಿಸಿಕೊಳ್ಳಿ. ಅವರು ಒಪ್ಪಲಿಕ್ಕಿಲ್ಲ. ಆದರೂ ಯಾವ ಊರು, ಯಾವ ಜಾಗ, ಯಾರ ಜೊತೆ ಎಂದು ಹೇಳಿಯೇ ಮನೆ ಬಿಡಿ. ಹೆತ್ತವರ ಮುಂದೆ ಸಿಟ್ಟಿಲ್ಲದೆ ನಿಜ ಹೇಳಿ ನಿಂತವರಿಗೆ ಫೌಜದಾರನ ಮುಂದೆ ನಿಲ್ಲುವುದು ಅಷ್ಟೇನೂ ಕಷ್ಟವಾಗದು.