ಜೋಳಿಗೆಯೂ ಔಷಧವೂ

ಶರಣರ ಮತದಲ್ಲಿ ಕಾಯವು ತಿರಸ್ಕಾರಕ್ಕೆ ಯೋಗ್ಯವಾದುದಲ್ಲ. ಇಷ್ಟಲಿಂಗವನ್ನು ಧರಿಸಿದ ಭಕ್ತನಿಗೆ ತನ್ನ ಅಂಗವೇ ಪೂಜೆಯ ನೆಲೆ. ಅದೇ ಕಾಯಕದ ಸಾಧನ. ರೋಗಿಗಳ ಸೇವೆಯನ್ನು ಕಾಯಕವಾಗಿ ಕೈಕೊಂಡ ವೈದ್ಯ ಸಂಗಣ್ಣನು ವಚನಕಾರರ ಸಾಲಿನಲ್ಲಿದ್ದಾನೆ. ಹೆಂಡದ ಮಾರಯ್ಯನೂ ಅದೇ ಸಾಲಿನಲ್ಲಿದ್ದಾನೆ. ಒಬ್ಬನು ಮದ್ದನ್ನು ಕೊಟ್ಟವನು, ಇನ್ನೊಬ್ಬನು ಹೆಂಡದ ಹೆಸರನ್ನೇ ಹೊತ್ತವನು. ಇಬ್ಬರಿಗೂ ಶರಣರ ಬಳಗದಲ್ಲಿ ಸ್ಥಾನ ದೊರೆಯಿತು. ಈ ಇಬ್ಬರನ್ನು ನೆನೆದು, ಗೃಹಸ್ಥ ಭಕ್ತರು ಬಾಯಿಬಿಟ್ಟು ಹೇಳಿಕೊಳ್ಳಲಾರದ ಒಂದು ಸಂಕಟವನ್ನು ಇಲ್ಲಿ ವಿಚಾರಿಸೋಣ.

ಅಫೀಮು, ಅದರಿಂದ ಹುಟ್ಟಿದ ಹೆರಾಯಿನ್, ಅದೇ ವರ್ಗಕ್ಕೆ ಸೇರಿದ ನೋವುನಿವಾರಕ ಮಾತ್ರೆಗಳು, ಕೊಡೈನ್ ಬೆರೆತ ಕೆಮ್ಮಿನ ಔಷಧ, ಇವುಗಳ ವ್ಯಸನವೇ ಆ ಸಂಕಟ. ಇದು ದೂರದ ನಾಡಿನ ಮಾತೆಂದು ಯಾರೂ ತಿಳಿಯಬಾರದು. ಕೇಂದ್ರ ಸರಕಾರದ ಪರವಾಗಿ ನಡೆದು 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 2 ಕೋಟಿ 26 ಲಕ್ಷ ಜನರು ಈ ವರ್ಗದ ಪದಾರ್ಥಗಳನ್ನು ಸೇವಿಸುತ್ತಿದ್ದರು. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ನೆರವಿನ ಅಗತ್ಯವಿತ್ತು. ಒಬ್ಬನು ಗೆಳೆಯರ ಸಂಗದಿಂದ ತೊಡಗಿರುತ್ತಾನೆ. ಇನ್ನೊಬ್ಬನು ಬೆನ್ನುನೋವಿಗೆಂದು ತಂದ ಮಾತ್ರೆಯಿಂದಲೇ ತೊಡಗಿರುತ್ತಾನೆ.

ವ್ಯಸನವೆಂದೊಡನೆ ನಮ್ಮವರಿಗೆ ನೆನಪಾಗುವುದು ಇಳಕಲ್ಲಿನ ಜೋಳಿಗೆ. ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಿಂದ ಊರೂರು ತಿರುಗಿ, ಕಾಸನ್ನಾಗಲಿ ಕಾಳನ್ನಾಗಲಿ ಬೇಡದೆ, ಜನರ ದುಶ್ಚಟಗಳನ್ನೇ ಜೋಳಿಗೆಯಲ್ಲಿ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತದೆ. ಆ ಜೋಳಿಗೆಯ ಹಿರಿಮೆಯೆಂದರೆ, ಅದು ಯಾರನ್ನೂ ಹಳಿಯಲಿಲ್ಲ. ಮನೆಬಾಗಿಲಿಗೆ ತಾನೇ ನಡೆದು ಬಂದಿತು.

ಆದರೆ ಒಂದು ಪ್ರಶ್ನೆಯುಂಟು. ಅಫೀಮಿನ ವರ್ಗದ ವ್ಯಸನಕ್ಕೆ ಸಿಕ್ಕಿದವನು ಗುರುಗಳ ಮುಂದೆ ಪ್ರತಿಜ್ಞೆ ಮಾಡಿ ಮನೆಗೆ ಬಂದರೆ ಅಷ್ಟಕ್ಕೇ ಸಾಕೆ? ಸಾಲದು. ಪ್ರತಿಜ್ಞೆಯು ಮನಸ್ಸಿನದು, ಇಲ್ಲಿ ಕಾಯವೂ ಬಂಧನಕ್ಕೊಳಗಾಗಿದೆ. ದಿನದಿನವೂ ಈ ಪದಾರ್ಥಕ್ಕೆ ಒಗ್ಗಿದ ನರಮಂಡಲವು ಅದು ದೊರೆಯದಿದ್ದಾಗ ಕೆರಳುತ್ತದೆ. ಹೆರಾಯಿನ್ ಸೇವಿಸುವವನಿಗೆ ಕಡೆಯ ಸೇವನೆಯಾದ ಒಂದು ದಿನದೊಳಗೇ ಮೈಕೈ ನೋವು, ಕಣ್ಣುಮೂಗುಗಳಲ್ಲಿ ನೀರು, ವಾಂತಿ, ಭೇದಿ, ನಡುಕ, ನಿದ್ರೆಯಿಲ್ಲದಿರುವಿಕೆ ತೋರುತ್ತವೆ. ದಿನಗಳ ಕಾಲ ಈ ಯಾತನೆಯನ್ನು ತಾಳಲಾರದೆ ಅವನು ಮರಳಿ ಅದನ್ನೇ ಹುಡುಕಿದರೆ, ಅವನ ಭಕ್ತಿ ಸುಳ್ಳೆಂದು ತೀರ್ಪು ಕೊಡುವುದು ನ್ಯಾಯವಲ್ಲ.

ಇದಕ್ಕಿಂತಲೂ ಘೋರವಾದ ಅಪಾಯವೊಂದಿದೆ. ಕೆಲವು ವಾರ ಬಿಟ್ಟವನ ದೇಹವು ಹಿಂದಿನ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸಿದವನು ಹೊರಗೆ ಬಂದು ಮೊದಲಿನಷ್ಟೇ ಸೇವಿಸಿದರೆ ಉಸಿರು ನಿಂತು ಸಾಯಬಹುದು. ಉಸಿರು ನಿಧಾನವಾಗಿ, ಕಣ್ಣಪಾಪೆ ಸೂಜಿಮೊನೆಯಂತೆ ಕಿರಿದಾಗಿ, ಕರೆದರೂ ಎಚ್ಚರಗೊಳ್ಳದಿದ್ದರೆ, ಅವನನ್ನು ಮಗ್ಗುಲಾಗಿ ಮಲಗಿಸಿ ಒಡನೆಯೇ 108ಕ್ಕೆ ಕರೆ ಮಾಡಬೇಕು. ನಲೊಕ್ಸೋನ್ ಎಂಬ ಔಷಧವು ಆ ಗಳಿಗೆಯಲ್ಲಿ ಜೀವವನ್ನು ಉಳಿಸಬಲ್ಲುದು. ಮಾನಕ್ಕಂಜಿ ತಡಮಾಡಿದರೆ ಮಾನ ಉಳಿಯಬಹುದು, ಮಗನು ಉಳಿಯಲಾರನು.

ಹಾಗಾದರೆ ಚಿಕಿತ್ಸೆ ಯಾವುದು? ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ವೈದ್ಯರ ಅಪ್ಪಣೆಯಂತೆ ನಾಲಿಗೆಯ ಕೆಳಗಿರಿಸಿದರೆ ಯಾತನೆಯೂ ಬಯಕೆಯೂ ತಗ್ಗುತ್ತವೆ. ಮೆಥಡೋನ್ ಎಂಬುದು ಇನ್ನೊಂದು. ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಕೆಲವರಿಗೆ ತಿಂಗಳುಗಳ ಕಾಲ, ಕೆಲವರಿಗೆ ವರ್ಷಗಳ ಕಾಲ ಇವು ಬೇಕಾಗುತ್ತವೆ. "ಒಂದು ಚಟವನ್ನು ಬಿಡಿಸಿ ಇನ್ನೊಂದನ್ನು ಹತ್ತಿಸಿದಂತಾಯಿತಲ್ಲವೆ?" ಎಂದು ಹಿರಿಯರು ಕೇಳುವುದುಂಟು. ಹಾಗಲ್ಲ. ವ್ಯಸನದ ಗುರುತು ಸೇವನೆಯಲ್ಲ, ಬಾಳು ಕೆಡುವುದು. ಅಳತೆಯಿಂದ ಔಷಧವನ್ನು ಪಡೆದು, ಬೆಳಗಿನಲ್ಲಿ ಎದ್ದು ತನ್ನ ಕಾಯಕಕ್ಕೆ ಹೋಗುವವನು ವ್ಯಸನಿಯಲ್ಲ. ಸಿಹಿಮೂತ್ರ ರೋಗಕ್ಕೆ ನಿತ್ಯವೂ ಇನ್ಸುಲಿನ್ ಪಡೆಯುವವನಂತೆ ಅವನು ಚಿಕಿತ್ಸೆಯಲ್ಲಿರುವ ರೋಗಿ. ವೈದ್ಯರು ಹೇಳುವ ಮುನ್ನ ಅದನ್ನು ನಿಲ್ಲಿಸೆಂದು ಮನೆಯವರಾಗಲಿ ಮಠದವರಾಗಲಿ ಒತ್ತಾಯಿಸಬಾರದು.

ಎಲ್ಲಿಗೆ ಹೋಗಬೇಕು? ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಆರಂಭಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಗಳಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಧಾರವಾಡದ ಡಿಮ್ಹಾನ್ಸ್ ಉತ್ತರ ಕರ್ನಾಟಕದವರಿಗೆ ಹತ್ತಿರ. ದಾರಿ ತಿಳಿಯದವರು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕಾಗಲಿ, ಟೆಲಿ ಮಾನಸ್ 14416ಕ್ಕಾಗಲಿ ಶುಲ್ಕವಿಲ್ಲದೆ ಕರೆ ಮಾಡಬಹುದು. ಖಾಸಗಿ ಕೇಂದ್ರಕ್ಕೆ ಸೇರಿಸುವವರು ಅಲ್ಲಿ ವೈದ್ಯರಿದ್ದಾರೆಯೇ, ಅದು ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸತಕ್ಕದ್ದು. ಹೊಡೆಯುವ, ಕಟ್ಟಿಹಾಕುವ ಸ್ಥಳವು ಚಿಕಿತ್ಸಾಲಯವಲ್ಲ. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ನಿಷೇಧಿಸಿದೆ. ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕೆಂದೂ ಅದೇ ಕಾಯಿದೆಯು ವಿಧಿಸುತ್ತದೆ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. 1985ರ ಮಾದಕದ್ರವ್ಯ ಕಾಯಿದೆಯ 64ಎ ವಿಧಿಯನ್ನು ಅವರು ತಿಳಿದಿರಬೇಕು. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವುಳ್ಳ ವ್ಯಸನಿಯು ಸರಕಾರದ ಅಥವಾ ಸರಕಾರ ಮಾನ್ಯಮಾಡಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದು ಪೂರ್ಣಗೊಳಿಸಿದರೆ, ಆ ವಿಧಿಯು ಅವನಿಗೆ ಶಿಕ್ಷಾ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ.

ಇನ್ನು ಮನೆಯವರ ಪಾಲು ಉಳಿಯಿತು. ದಾಸೋಹವೆಂದರೆ ಪಂಕ್ತಿಯಲ್ಲಿ ಎಡೆಯಿಕ್ಕುವುದಷ್ಟೇ ಅಲ್ಲ. ಮಗನೊಡನೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದೂ, ಅವನ ಔಷಧವನ್ನು ಜೋಪಾನವಾಗಿ ಇರಿಸಿ ಹೊತ್ತಿಗೆ ಕೊಡುವುದೂ, ಅವನಿಂದಾಗುವಷ್ಟು ಕೆಲಸವನ್ನು ಒಪ್ಪಿಸುವುದೂ ದಾಸೋಹವೇ. ಅವನು ಎಡವಿದ ದಿನ, "ನಿನ್ನ ವ್ರತ ಕೆಟ್ಟಿತು" ಎನ್ನುವ ಬದಲು, "ನಾಳೆ ಡಾಕ್ಟರರ ಬಳಿಗೆ ಹೋಗೋಣ, ನಡೆಯಪ್ಪಾ" ಎನ್ನಬೇಕು. ಈ ರೋಗದಲ್ಲಿ ಮರುಕಳಿಕೆಯುಂಟು. ಅದು ಚಿಕಿತ್ಸೆಯನ್ನು ಬದಲಿಸಬೇಕೆಂಬ ಸೂಚನೆಯೇ ಹೊರತು ಮನುಷ್ಯನನ್ನು ಕೈಬಿಡಬೇಕೆಂಬುದಲ್ಲ.

ಸದ್ಭಕ್ತರು ಇಷ್ಟನ್ನು ಮನದಲ್ಲಿರಿಸತಕ್ಕದ್ದು: ಮನಸ್ಸು ತನ್ನ ಭಾರವನ್ನು ಜೋಳಿಗೆಗೆ ಹಾಕಲಿ, ಕಾಯಕ್ಕೆ ವೈದ್ಯರ ಮದ್ದು ದೊರೆಯಲಿ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಶರಣಮಾರ್ಗವಲ್ಲ. ಮದ್ದನ್ನು ಕೊಟ್ಟ ಸಂಗಣ್ಣನಿಗೂ ಮಾರಯ್ಯನಿಗೂ ಎಡೆಯಿದ್ದ ಆ ಬಳಗದಲ್ಲಿ ನಮ್ಮ ಮನೆಯ ಮಗನಿಗೂ ಎಡೆಯುಂಟು.