ಮಾಡು, ಆಗು ಮತ್ತು ಇಂಗ್ಲಿಷ್ ಕ್ರಿಯಾಪದ: ಬಿಕ್ಕೋಡಿನ ಎಂಟನೇ ತರಗತಿಯ ಪಾಠಾನುಭವ

ಬೋಧನಾಭ್ಯಾಸಕ್ಕೆ ನನಗೆ ಬಿಕ್ಕೋಡು ಹೋಬಳಿಯ ಒಂದು ಸರ್ಕಾರಿ ಪ್ರೌಢಶಾಲೆ ಹಂಚಿಕೆಯಾಗಿತ್ತು. ಎಂಟನೇ ತರಗತಿ, ದ್ವಿತೀಯ ಭಾಷೆ ಇಂಗ್ಲಿಷ್. ನಾನು ಅರಸೀಕೆರೆ ಕಡೆಯವಳು. ತೆಂಗು, ರಾಗಿ, ರೈಲ್ವೆ ಜಂಕ್ಷನ್ ನೋಡಿ ಬೆಳೆದವಳು. ಬೇಲೂರು ದಾಟಿ ಬಸ್ಸು ಬಿಕ್ಕೋಡಿನ ದಾರಿ ಹಿಡಿದರೆ ರಸ್ತೆಯ ಎರಡೂ ಬದಿ ಕಾಫಿ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸು. ಜಿಲ್ಲೆ ಒಂದೇ ಆದರೂ ನನ್ನ ಪಾಲಿಗೆ ಅದು ಬೇರೆಯೇ ಸೀಮೆ. ಮಕ್ಕಳಲ್ಲಿ ಹೆಚ್ಚಿನವರ ಮನೆಯವರು ತೋಟದ ಕೆಲಸಕ್ಕೆ ಹೋಗುವವರು, ಕೆಲವರು ಎಸ್ಟೇಟಿನ ಲೈನುಗಳಲ್ಲೇ ವಾಸವಾಗಿರುವವರು. ಈ ವಿವರಗಳನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮೊದಲ ಪಾಠ ಕೆಟ್ಟದ್ದು ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ.

ಪಾಠ ಆರಂಭಿಸುವ ಮುನ್ನ ಪೂರ್ವಜ್ಞಾನ ತಿಳಿಯಲು ಒಂದು ಕಿರುಪರೀಕ್ಷೆ ಕೊಟ್ಟೆ. ಪಠ್ಯಪುಸ್ತಕದಿಂದ ಆರಿಸಿದ 20 ಪದಗಳು, ಎದುರಿಗೆ ಕನ್ನಡ ಅರ್ಥ ಬರೆಯಬೇಕು. ಒಬ್ಬ ಹುಡುಗಿ ಹಾಳೆಯ ಮೇಲೆ ತನ್ನ ಹೆಸರು ಬರೆದು ಉಳಿದದ್ದನ್ನು ಖಾಲಿ ಬಿಟ್ಟಿದ್ದಳು. ನಾನು ಸೊನ್ನೆ ಹಾಕಿದೆ. ಪರಿಹಾರ ಬೋಧನೆಯ ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿ, ಷರಾ ಕಾಲಮಿನಲ್ಲಿ ‘ಶಬ್ದಸಂಪತ್ತು ಇಲ್ಲ’ ಎಂದು ಬರೆದೆ. ನಮ್ಮ ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಇಂಗ್ಲಿಷನ್ನು ಒಂದನೇ ತರಗತಿಯಿಂದಲೇ ಕಲಿಸಲಾಗುತ್ತಿದೆ. ಏಳು ವರ್ಷ ಕಲಿತ ಮಗುವಿನ ಬಗ್ಗೆ ಆ ಷರಾ ಬರೆಯಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಇಂಥ ಪಟ್ಟಿಗಳು ಪ್ರಶಿಕ್ಷಣಾರ್ಥಿಯ ಜೊತೆ ಕಾಲೇಜಿಗೆ ವಾಪಸು ಬರುವುದಿಲ್ಲ. ಶಾಲೆಯಲ್ಲೇ ಉಳಿಯುತ್ತವೆ, ಮಗುವಿನ ಜೊತೆ ಹತ್ತನೇ ತರಗತಿಯವರೆಗೂ ನಡೆಯುತ್ತವೆ.

ಮೊದಲ ಪಾಠ ‘-ಅರ್’ ಪ್ರತ್ಯಯದ್ದು. ಕ್ರಿಯಾಪದಕ್ಕೆ ಅದನ್ನು ಸೇರಿಸಿದರೆ ಆ ಕೆಲಸ ಮಾಡುವವರ ಹೆಸರು ಬರುತ್ತದೆ: ಟೀಚ್, ಟೀಚರ್; ರೈಟ್, ರೈಟರ್. ಕುವೆಂಪು ಅವರ ಚಿತ್ರಪಟ ಸಿದ್ಧ ಮಾಡಿಕೊಂಡು ಹೋಗಿದ್ದೆ. ‘ರೈಟರ್ ಅಂದ್ರೆ ಯಾರು?’ ಎಂದೆ. ಆ ಖಾಲಿ ಹಾಳೆಯ ಹುಡುಗಿಯೇ ಎದ್ದು ನಿಂತು, ‘ತೋಟದಲ್ಲಿ ಹಾಜರಿ ಬರ್ಕೊಳೋರು, ಮಿಸ್’ ಎಂದಳು. ‘ಅಲ್ಲ, ಕೂತ್ಕೋ’ ಎಂದು ಚಿತ್ರಪಟ ಎತ್ತಿ ತೋರಿಸಿದೆ. ಹಿಂದಿನ ಬೆಂಚಿನಲ್ಲಿದ್ದ ನಮ್ಮ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಬೇರೆ ಏನನ್ನೂ ದಪ್ಪಕ್ಷರದಲ್ಲಿ ಬರೆಯಲಿಲ್ಲ. ಕಪ್ಪುಹಲಗೆಯ ಬಳಕೆ ಚೆನ್ನಾಗಿದೆ, ಧ್ವನಿ ಚೆನ್ನಾಗಿದೆ, ಕೊನೆಗೆ ಒಂದು ಸಾಲು: ‘ಸರಿಯಾದ ಉತ್ತರವನ್ನು ಅಲ್ಲ ಎಂದಿದ್ದೇಕೆ?’

ಎಸ್ಟೇಟಿನಲ್ಲಿ ಹಾಜರಿ ಮತ್ತು ಲೆಕ್ಕ ಬರೆಯುವ ಗುಮಾಸ್ತನಿಗೆ ರೈಟರ್ ಎನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬರೆಯುವವನು ರೈಟರ್, ನನ್ನ ಸೂತ್ರಕ್ಕೆ ಕವಿಗಿಂತಲೂ ನೇರವಾದ ಉದಾಹರಣೆ ಅದು. ಆ ಮಗು ಸೂತ್ರವನ್ನು ತಾನು ಕಂಡ ಮನುಷ್ಯನಿಗೆ ಹಚ್ಚಿ ನೋಡಿತ್ತು, ನಾನು ಕೂರಿಸಿದ್ದೆ.

ಮರುದಿನ ಪಾಠಯೋಜನೆ ಬದಿಗಿಟ್ಟೆ. ಮನೆಯಲ್ಲಿ, ತೋಟದಲ್ಲಿ ದಿನಾ ಕೇಳುವ, ಇಂಗ್ಲಿಷ್ ಇರಬಹುದೆಂದು ಅನುಮಾನ ಬರುವ ಹತ್ತು ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದು ತರಲು ಹೇಳಿದ್ದೆ. ಕಪ್ಪುಹಲಗೆ ಸಾಲಲಿಲ್ಲ. ಗೇಟು, ಲೈನು, ಪಲ್ಪರ್, ಯಾರ್ಡು, ಪಾರ್ಚ್‌ಮೆಂಟು, ಚೆರಿ, ಸ್ಪ್ರಿಂಕ್ಲರ್, ಸ್ಪ್ರೇಯರ್, ಬೋರರ್, ಪಿಕಿಂಗ್, ಲೋಡು, ಅಡ್ವಾನ್ಸು, ಕರೆಂಟು, ರೀಚಾರ್ಜು. ಬ್ಲಾಸಮ್ ಮತ್ತು ಬ್ಯಾಕಿಂಗ್ ಎಂಬ ಎರಡು ಪದಗಳು ನನಗೇ ತಿಳಿಯಲಿಲ್ಲ. ಬೇಸಿಗೆಯ ಮೊದಲಿಗೆ ಕಾಫಿ ಹೂವರಳಿಸುವ ಮಳೆ ಬ್ಲಾಸಮ್, ಅದಾದ ಮೇಲೆ ಕಾಯಿ ಕಟ್ಟಲು ಬೇಕಾಗುವ ಮಳೆ ಬ್ಯಾಕಿಂಗ್ ಎಂದು ತರಗತಿ ನನಗೆ ಪಾಠ ಹೇಳಿತು. ‘ಲೈನ್ ಅಂದ್ರೆ ನಮ್ಮನೆ’ ಎಂದು ಮೂವರು ಒಟ್ಟಿಗೆ ಅರ್ಥ ಹೇಳಿದರು. ಶಬ್ದಸಂಪತ್ತು ಇಲ್ಲ ಎಂದು ಬರೆಸಿಕೊಂಡವಳ ಪಟ್ಟಿಯಲ್ಲಿ ಹತ್ತರ ಬದಲು 26 ಪದಗಳಿದ್ದವು.

ಮೈಕಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಸುಮಾರು 2000 ಪದಗಳ ಪಟ್ಟಿಯನ್ನು ನಾವೆಲ್ಲ ವಿಧಾನಶಾಸ್ತ್ರದ ತರಗತಿಯಲ್ಲಿ ಓದಿದ್ದೇವೆ. ಆ ಬಗೆಯ ಪಟ್ಟಿಗಳು ಇಂಗ್ಲಿಷ್ ಬರಹದಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆಂದು ಎಣಿಸುತ್ತವೆ. ಬಿಕ್ಕೋಡಿನ ಮಗುವಿನ ಕಿವಿಗೆ ಎಷ್ಟು ಸಲ ಬೀಳುತ್ತದೆಂದು ಎಣಿಸುವುದು ನಮ್ಮ ಕೆಲಸ. ಪರೀಕ್ಷೆ ಎದುರಿಸಲು ಮೊದಲನೆಯ ಪಟ್ಟಿ ಬೇಕೇ ಬೇಕು, ಅದರಲ್ಲಿ ವಾದವಿಲ್ಲ. ಎಲ್ಲಿಂದ ಹೊರಡಬೇಕೆಂಬುದಷ್ಟೇ ಪ್ರಶ್ನೆ.

‘-ಅರ್’ ಪಾಠವನ್ನು ಆ ಹಲಗೆಯಿಂದಲೇ ಮತ್ತೆ ಮಾಡಿದೆ. ಈ ಸಲ ಉಲ್ಟಾ: ಪದದ ಬಾಲ ಕತ್ತರಿಸಿದರೆ ಏನು ಉಳಿಯುತ್ತದೆ? ಪಲ್ಪರಿನಿಂದ ಪಲ್ಪ್, ಸ್ಪ್ರೇಯರಿನಿಂದ ಸ್ಪ್ರೇ, ಡ್ರೈವರಿನಿಂದ ಡ್ರೈವ್. ಬೋರರ್ ಬಂದಾಗ ತರಗತಿ ನಿಂತಿತು. ಕಾಫಿ ಗಿಡದ ಕಾಂಡ ಕೊರೆಯುವ ಹುಳು ಬೋರರ್, ಅದು ಎಲ್ಲರಿಗೂ ಗೊತ್ತು. ‘ಬೋರ್ ಕೊರೆಸೋದು ಅದೇನಾ ಮಿಸ್?’ ಎಂದು ಒಬ್ಬ. ಹೌದು, ಕೊಳವೆಬಾವಿಯ ಬೋರ್ ಕೂಡ ಕೊರೆಯುವುದೇ. ‘ಹಂಗಾದ್ರೆ ಪಾಠದಲ್ಲಿ ಬೋರ್ ಹೊಡೆಸೋರು?’ ಎಂದು ಇನ್ನೊಬ್ಬ ನನ್ನನ್ನೇ ನೋಡಿದ. ನಗು ಮುಗಿದ ಮೇಲೆ, ಅಂಥವರನ್ನು ಇಂಗ್ಲಿಷಿನಲ್ಲಿ ಬೋರರ್ ಎನ್ನುವುದಿಲ್ಲ, ಬೋರ್ ಎಂದೇ ಕರೆಯುತ್ತಾರೆ, ಸೂತ್ರಕ್ಕೆ ಸಿಕ್ಕದ ಪದಗಳೂ ಇವೆ ಎಂದೆ. ಆ ಅಪವಾದವನ್ನು ಯಾರೂ ಮರೆಯಲಿಲ್ಲ.

ಪದಗಳು ಸಿಕ್ಕವು. ವಾಕ್ಯ ಮಾಡಿ ಎಂದಾಗ ನಿಜವಾದ ತೊಡಕು ಕಾಣಿಸಿತು. ‘ಐ ಫೋನ್ ಡಿಡ್.’ ‘ಮೈ ಮದರ್ ಕಾಫಿ ಪಿಕ್ ಡಿಡ್.’ ‘ಗೇಟ್ ಓಪನ್ ಬಿಕೇಮ್.’ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಹೋದ ಹಾಗೆ ಇವೆಲ್ಲ ಒಂದೇ ಅಚ್ಚಿನವು ಎನಿಸಿತು. ನಾವು ಕನ್ನಡದಲ್ಲಿ ಇಂಗ್ಲಿಷ್ ಕ್ರಿಯಾಪದವನ್ನು ತಂದಾಗ ಅದನ್ನು ಅಲುಗಾಡಿಸುವುದಿಲ್ಲ. ಪಕ್ಕದಲ್ಲಿ ‘ಮಾಡು’ ಅಥವಾ ‘ಆಗು’ ನಿಲ್ಲಿಸಿ ಕಾಲ, ಲಿಂಗ, ವಚನಗಳ ಭಾರವನ್ನೆಲ್ಲ ಅದರ ಮೇಲೆ ಹೊರಿಸುತ್ತೇವೆ. ಪಿಕ್ ಮಾಡಿದೆ, ಪಿಕ್ ಮಾಡ್ತಾಳೆ, ಪಿಕ್ ಮಾಡ್ಲಿಲ್ಲ: ಇಷ್ಟರಲ್ಲೂ ‘ಪಿಕ್’ ಕಲ್ಲಿನ ಹಾಗೆ ಕೂತೇ ಇದೆ. ಮಗುವಿಗೆ ಪದ ಗೊತ್ತು, ಆ ಪದವೇ ಬದಲಾಗಬೇಕೆಂದು ಗೊತ್ತಿಲ್ಲ. ಶಬ್ದಸಂಪತ್ತಿನ ಕೊರತೆ ಎಂದು ನಾನು ಬರೆದದ್ದು ಇದನ್ನು.

ಆದ್ದರಿಂದ ಮೂರನೇ ಪಾಠದಲ್ಲಿ ಹಲಗೆಯನ್ನು ಮೂರು ಮನೆ ಮಾಡಿದೆ. ‘ಮಾಡು’ ಮಾತ್ರ ಸಹಜವಾಗಿ ಬರುವವು: ಫೋನ್, ಪಿಕ್, ಸ್ಪ್ರೇ. ‘ಮಾಡು’, ‘ಆಗು’ ಎರಡೂ ಬರುವವು: ಓಪನ್, ಕ್ಲೋಸ್, ಸ್ಟಾರ್ಟ್, ಸ್ಟಾಪ್. ‘ಆಗು’ ಹೆಚ್ಚಾಗಿ ಬರುವವು: ಲೇಟ್, ಫ್ರೀ, ಟೈಟ್. ಮೊದಲ ಮನೆಯ ಪದಗಳಿಗೆ ‘ಮಾಡಿದೆ’ಯನ್ನು ಅಳಿಸಿ, ಅದರ ಕೆಲಸವನ್ನು ಪದದ ಬಾಲಕ್ಕೆ ಕೊಟ್ಟೆವು: ಫೋನ್ಡ್, ಪಿಕ್ಟ್, ಸ್ಪ್ರೇಡ್. (ಪಿಕ್ಕೆಡ್ ಎನ್ನುವ ಅಭ್ಯಾಸ ಇನ್ನೂ ಹೋಗಿಲ್ಲ.) ಮಾಡಿದೆ, ಮಾಡಿದೆವು, ಮಾಡಿದಳು, ಮಾಡಿದರು ಎಲ್ಲಕ್ಕೂ ಅದೇ ಒಂದು ‘ಪಿಕ್ಟ್’ ಎಂದಾಗ, ಇಂಗ್ಲಿಷು ಕನ್ನಡಕ್ಕಿಂತ ಸುಲಭವಾಗಿರುವ ಜಾಗವೂ ಉಂಟೆಂದು ಮಕ್ಕಳು ಮೊದಲ ಸಲ ಕೇಳಿದರು.

ಎರಡನೇ ಮನೆ ಹೆಚ್ಚು ಹೊತ್ತು ತೆಗೆದುಕೊಂಡಿತು. ಕನ್ನಡ ಇಲ್ಲಿ ಎರಡು ಬೇರೆ ಪದ ಬಳಸಿ ಮಾಡಿದವರಿದ್ದಾರೋ ಇಲ್ಲವೋ ಎಂದು ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಓಪನ್ಡ್’. ಪದಗಳು ನಿಂತ ಜಾಗದಿಂದ ತಿಳಿಯಬೇಕು. ‘ದ ಡ್ರೈವರ್ ಓಪನ್ಡ್ ದ ಗೇಟ್’ ಎಂದರೆ ಓಪನ್ ಮಾಡಿದ. ‘ದ ಗೇಟ್ ಓಪನ್ಡ್’ ಎಂದರೆ ಓಪನ್ ಆಯ್ತು. ಇಂಥವು ಇನ್ನೂ ಇದ್ದರೆ ಹೇಳಿ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಹುಡುಗಿ ಕೂತಲ್ಲಿಂದಲೇ, ‘ಫೇಲ್, ಮಿಸ್. ನಾನು ಫೇಲ್ ಆದೆ. ಮಿಸ್ ಫೇಲ್ ಮಾಡಿದ್ರು’ ಎಂದಳು.

ತರಗತಿ ನನ್ನ ಮುಖ ನೋಡಿತು. ಉದಾಹರಣೆ ಕರಾರುವಾಕ್ಕಾಗಿತ್ತು. ‘ಐ ಫೇಲ್ಡ್’, ಕೆಳಗೆ ‘ಮಿಸ್ ಫೇಲ್ಡ್ ಮಿ’ ಎಂದು ದೊಡ್ಡದಾಗಿ ಬರೆದು, ಎರಡಕ್ಕೂ ಅಡಿಗೆರೆ ಎಳೆದು ಎಲ್ಲರಿಂದ ಓದಿಸಿದೆ. ಅವಳು ಅದನ್ನು ದೂರಾಗಿ ಹೇಳಿದಳೋ ಬರೀ ಉದಾಹರಣೆಯಾಗಿಯೋ ನಾನು ಕೇಳಲಿಲ್ಲ. ಆ ಸಂಜೆ ಸ್ಟಾಫ್ ರೂಮಿನಲ್ಲಿ ಪಟ್ಟಿ ತೆಗೆದು ಷರಾ ತಿದ್ದಿದೆ: ‘ಕೇಳಿ ತಿಳಿದ ಪದಗಳು ಸಾಕಷ್ಟಿವೆ. ಓದು, ಕಾಗುಣಿತ ಮತ್ತು ಕ್ರಿಯಾಪದ ರೂಪಗಳಿಗೆ ಸಹಾಯ ಬೇಕು.’ ಹೆಸರು ಪಟ್ಟಿಯಲ್ಲೇ ಇದೆ, ಇರಬೇಕಾದ್ದೇ. ಆದರೆ ಮುಂದೆ ನೋಡುವವರಿಗೆ ಏನು ಮಾಡಬೇಕೆಂದು ಈಗ ತಿಳಿಯುತ್ತದೆ.

ನಾಲ್ಕನೇ ಪಾಠಕ್ಕೆ ಎನ್. ಎಸ್. ಪ್ರಭು ಅವರ ದಾರಿ ಹಿಡಿದೆ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ ಜಗತ್ತಿನ ಭಾಷಾ ಬೋಧಕರಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಬೆಂಬಲ ಅದಕ್ಕಿತ್ತು. ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು ಯೋಚಿಸಿ ಬಿಡಿಸುವ ಸಮಸ್ಯೆ ಒಡ್ಡುವುದು, ಒಂದನ್ನು ಶಿಕ್ಷಕರು ತರಗತಿಯ ಜೊತೆ ಸೇರಿ ಬಿಡಿಸುವುದು, ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವುದು. ಗಮನ ಅರ್ಥದ ಮೇಲಿದ್ದಾಗ ವ್ಯಾಕರಣ ಒಳಗೊಳಗೇ ಕೂಡುತ್ತದೆ ಎಂಬುದು ಅವರ ನಂಬಿಕೆ.

ನನ್ನ ಸಮಸ್ಯೆ ಹೀಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ತೋಟದ ಗೇಟು ತೆರೆದಿದೆ, ಬಾಳೆ ಹಾಳಾಗಿದೆ. ನಾಲ್ಕು ಚೀಟಿಗಳು. ‘ದ ರೈಟರ್ ಲಾಕ್ಟ್ ದ ಗೇಟ್ ಅಟ್ ಸಿಕ್ಸ್.’ ‘ದ ಡ್ರೈವರ್ ಓಪನ್ಡ್ ದ ಗೇಟ್ ಅಟ್ ನೈನ್.’ ‘ಹಿ ಕ್ಲೋಸ್ಡ್ ದ ಗೇಟ್. ಹಿ ಡಿಡ್ ನಾಟ್ ಲಾಕ್ ಇಟ್.’ ‘ದ ಎಲಿಫೆಂಟ್ ಪುಶ್ಟ್ ದ ಗೇಟ್. ದ ಗೇಟ್ ಓಪನ್ಡ್.’ ತಪ್ಪು ಯಾರದು? ಈ ಕಡೆ ಆನೆಯ ಮಾತು ತಮಾಷೆಯದಲ್ಲ, ತೋಟಕ್ಕೆ ಹೋದವರು ಸಂಜೆ ಮನೆ ಸೇರುವವರೆಗೂ ಮನೆಮಂದಿಗೆ ದಿಗಿಲು. ಹಾಗಾಗಿ ಆ ಚೀಟಿ ಬರೆಯುವಾಗ ಹಿಂಜರಿದೆ, ಮನುಷ್ಯರಿಗೆ ಏನೂ ಆಗದ ಕಥೆಯನ್ನೇ ಇಟ್ಟುಕೊಂಡೆ. ಮಕ್ಕಳು ಗಂಭೀರವಾಗಿಯೇ ವಾದಿಸಿದರು. ‘ಗೇಟ್ ಓಪನ್ಡ್ ಅಂತಿದೆ, ಓಪನ್ ಆಯ್ತು ಅಷ್ಟೆ, ಯಾರ ತಪ್ಪೂ ಇಲ್ಲ’ ಎಂದು ಒಬ್ಬ. ‘ಡ್ರೈವರ್ ಲಾಕ್ ಮಾಡ್ಲಿಲ್ವಲ್ಲ’ ಎಂದು ಹಲವರು.

ಆಗ ನಾನು ಯೋಜಿಸದ ಒಂದು ಸಂಗತಿ ಎದುರಾಯಿತು. ‘ಡಿಡ್ ನಾಟ್ ಲಾಕ್’ ಎಂಬಲ್ಲಿ ‘ಲಾಕ್ಟ್’ ಯಾಕಿಲ್ಲ? ಕನ್ನಡದ ‘ಲಾಕ್ ಮಾಡಲಿಲ್ಲ’ವನ್ನೇ ನೋಡಿ ಎಂದೆ. ಅಲ್ಲಿ ‘ಮಾಡು’ ಭಾರ ಹೊತ್ತಿದೆ, ಇಲ್ಲಿ ‘ಡಿಡ್’ ಹೊತ್ತಿದೆ, ‘ಲಾಕ್’ ಎರಡೂ ಕಡೆ ಹಗುರಾಗಿ ನಿಂತಿದೆ. ನಿಷೇಧದಲ್ಲಿ, ಪ್ರಶ್ನೆಯಲ್ಲಿ ಇಂಗ್ಲಿಷು ನಮ್ಮಂತೆಯೇ ನಡೆದುಕೊಳ್ಳುತ್ತದೆ. ‘ಪಿಕ್ ಡಿಡ್’ ಎಂದು ಬರೆದ ಮಗು ಅಷ್ಟೇನೂ ದೂರ ಹೋಗಿರಲಿಲ್ಲ.

ಪ್ರಭು ಅವರ ತರಗತಿಗಳಲ್ಲಿ ವ್ಯಾಕರಣವನ್ನು ಹೀಗೆ ಬಿಡಿಸಿ ಹೇಳುತ್ತಿರಲಿಲ್ಲ. ನಾನು ಮೂರು ಮನೆಗಳ ಪಟ್ಟಿಯನ್ನು ಮೊದಲೇ ತೋರಿಸಿದ್ದು ವಿಧಾನವನ್ನು ಕೆಡಿಸಿತೆಂದು ಮೇಡಂ ಅಭಿಪ್ರಾಯ. ನನ್ನದು ಬೇರೆ. ಮಗುವಿನ ಬಾಯಲ್ಲಿ ಇಂಗ್ಲಿಷ್ ಕ್ರಿಯಾಪದ ಆಗಲೇ ಒಂದು ಕನ್ನಡ ವ್ಯವಸ್ಥೆಯೊಳಗೆ ಗಟ್ಟಿಯಾಗಿ ಕೂತಿರುವಾಗ ಅದನ್ನು ಒಮ್ಮೆಯಾದರೂ ಹೊರಗಿಟ್ಟು ತೋರಿಸಬೇಕು, ಅದರಲ್ಲೂ ನಮಗೆ ಸಿಗುವ ಕೆಲವೇ ವಾರಗಳಲ್ಲಿ. ಇದನ್ನೇ ಬಹುವಚನಕ್ಕೂ ಮಾಡಿದೆ. ‘ತ್ರೀ ಎಲಿಫೆಂಟ್’ ಎಂದು ಬರೆಯುವ ಮಗು ‘ಮೂರು ಆನೆ ಬಂದವು’ ಎನ್ನುವ ಕನ್ನಡವನ್ನು ಪಾಲಿಸುತ್ತಿರುತ್ತದೆ. ಅದನ್ನು ಹೇಳಿ ತಿದ್ದಲು ಐದು ನಿಮಿಷ ಸಾಕಾಯಿತು.

ಕೊನೆಯ ಪರೀಕ್ಷೆಯಲ್ಲಿ ನಿನ್ನೆ ನಡೆದದ್ದನ್ನು ಆರು ವಾಕ್ಯಗಳಲ್ಲಿ ಬರೆಯಲು ಕೊಟ್ಟೆ. ಫಲಿತಾಂಶ ಹೊಗಳಿಕೊಳ್ಳುವಂಥದ್ದಲ್ಲ. ಕಾಗುಣಿತ ಬಹುತೇಕರಲ್ಲಿ ಹಾಗೇ ಇದೆ, ‘ರೈಟ್’ಗೆ ‘ರೈಟೆಡ್’ ಎಂದವರು ಹಲವರು. ಆ ಹುಡುಗಿಯ ಹಾಳೆ ಈ ಸಲ ಖಾಲಿ ಇರಲಿಲ್ಲ. ಐದು ವಾಕ್ಯ, ನಾಲ್ಕರಲ್ಲಿ ಕ್ರಿಯಾಪದ ಸರಿ. ಐದನೆಯದು ‘ದ ಬಸ್ ಲೇಟೆಡ್’. ಅಂಕ ಕೊಡಲಾಗಲಿಲ್ಲ. ಹಾಳೆ ಹಿಂದಿರುಗಿಸಿದಾಗ ಅವಳು ಎದ್ದು ಬಂದು ಕೇಳಿದಳು: ‘ಬಸ್ಸು ಲೇಟ್ ಆಯ್ತು ಅಲ್ವಾ ಮಿಸ್? ಓಪನ್ ಆಯ್ತು ಅಂದ್ರೆ ಓಪನ್ಡ್ ಅಂದ್ರಿ.’

ಮೂರನೇ ಮನೆಯನ್ನು ನಾನು ಹಲಗೆಯ ಮೇಲೆ ಬರೆದಿದ್ದೆನೇ ಹೊರತು ಕಲಿಸಿರಲಿಲ್ಲ. ಲೇಟ್, ಫ್ರೀ, ಟೈಟ್ ಇಂಗ್ಲಿಷಿನಲ್ಲಿ ಹೀಗೆ ಬರುವಾಗ ಗುಣವಾಚಕಗಳು, ಅವುಗಳಿಗೆ ‘ವಾಸ್’ ಬೇಕು ಎಂಬ ಪಾಠವನ್ನು ಮುಂದಕ್ಕೆ ತಳ್ಳಿದ್ದೆ, ಅಷ್ಟರಲ್ಲಿ ಅವಧಿ ಮುಗಿದಿತ್ತು. ಅವಳ ಹಾಳೆಯ ಅಂಚಿನಲ್ಲಿ ‘ದ ಬಸ್ ವಾಸ್ ಲೇಟ್’ ಎಂದು ಬರೆದುಕೊಟ್ಟೆ. ನನ್ನ ನಂತರ ಆ ತರಗತಿಗೆ ಹೋಗುವ ಪ್ರಶಿಕ್ಷಣಾರ್ಥಿಗೆ ಕೊಡಲಿರುವ ಟಿಪ್ಪಣಿಯಲ್ಲಿ ಅದೇ ಮೊದಲ ಪಾಠ.